ಸೊನ್ನೆ ನಂಬರಿನ ಡಿಸ್ಕು, ಅತ್ತೆಯ ಸೆರಗು

ಇಳಕಲ್ಲಿನಲ್ಲಿ ಕಂಪ್ಯೂಟರ್ ಬಿಚ್ಚಿದರೆ ಮೊದಲು ಸಿಗುವುದು ಹತ್ತಿಯ ಎಳೆ. ನಮ್ಮ ಓಣಿಯ ಎರಡೂ ಕಡೆ ಮಗ್ಗಗಳು. ನೂಲಿನ ಧೂಳು ಹಾರಿ ಬಂದು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ನಾನು ಸೀರೆಯ ದಡಿ, ಸೆರಗುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು ನೇಕಾರರಿಗೆ ಕೊಡುವವಳು. ಪೆಟ್ಟಿಗೆ ಬಿಚ್ಚಿ ಒರೆಸುವುದೂ ನನ್ನದೇ ಕೆಲಸ. ಬೇರೆಯವರ ಕೈಗೆ ಕೊಡುವ ಜಾಯಮಾನ ನನ್ನದಲ್ಲ.

ಒಳಗೆ ಎರಡು ಹಳೆಯ ಹಾರ್ಡ್ ಡಿಸ್ಕುಗಳಿದ್ದವು. ಒಂದೇ ಕಂಪನಿ, ಒಂದೇ ಅಳತೆ, ಥೇಟ್ ಅವಳಿ ಮಕ್ಕಳು. ಒಂದರಲ್ಲಿ ಕಂಪ್ಯೂಟರ್ ನಡೆಸುವ ಸಿಸ್ಟಮ್, ಇನ್ನೊಂದರಲ್ಲಿ ನಕ್ಷೆಗಳು. ಆ ನಕ್ಷೆಗಳಲ್ಲಿ ಹನ್ನೆರಡು ನನ್ನ ಅತ್ತೆಯವು. ಹರೆಯದಲ್ಲಿ ಅವರು ಎಳೆ ಎಣಿಸಿ ಎಣಿಸಿ ಸೆರಗಿನ ಮೇಲೆ ಹಾಕಿದ ಕಸೂತಿ: ಗೋಪುರ, ತುಳಸಿಕಟ್ಟೆ, ಆನೆ. ಹನ್ನೆರಡೂ ಸೀರೆಗಳನ್ನು ಸ್ಕ್ಯಾನ್ ಮಾಡಿ, ಎಳೆಯ ಲೆಕ್ಕದ ಸಮೇತ ಇಳಿಸಿಟ್ಟಿದ್ದೆ.

ಆಮೇಲೆ ಹಟ ಹಿಡಿದೆ. “ಎಲ್ಲಾ ಇದರಾಗ ಐತಿ. ಇನ್ನ ಆ ಹರಕ ಸೀರಿ ಯಾಕ ಬೇಕ್ರಿ? ಕೌದಿ ಹೊಲೀರಿ.”

ಅತ್ತೆ ಒಮ್ಮೆ ಕಂಪ್ಯೂಟರನ್ನು, ಒಮ್ಮೆ ನನ್ನನ್ನು ನೋಡಿ, “ಇದು ಕೆಟ್ಟರ?” ಎಂದರು. ನಾನು ನಕ್ಕುಬಿಟ್ಟೆ. ಕೆಲವೇ ದಿನಗಳಲ್ಲಿ ಅವರು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೂರು ಕೌದಿ ಹೊಲಿದರು. ನನ್ನ ಗಡಿಬಿಡಿಯಲ್ಲಿ ನಾನು ಸೂಜಿ ಮುಟ್ಟಲೂ ಇಲ್ಲ, ಕೌದಿ ಬಿಡಿಸಿ ನೋಡಲೂ ಇಲ್ಲ.

ಹೋದ ವರ್ಷ ಒಂದು ಹೊಸ ನಮೂನೆಯ ಡಿಸ್ಕು, ಎಸ್‌ಎಸ್‌ಡಿ, ತಂದೆ. ಬೆರಳಗಲದ ಪಟ್ಟಿ, ಒಳಗೆ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಸಿಸ್ಟಮ್ಮನ್ನು ಅದಕ್ಕೆ ಹಾಕಿ, ಹಳೆಯ ಸಿಸ್ಟಮ್ ಡಿಸ್ಕನ್ನು ಅಳಿಸಿ ಬಳಸುವುದು ನನ್ನ ಯೋಚನೆ. ಪರದೆಯಲ್ಲಿ ಡಿಸ್ಕುಗಳಿಗೆ ಕಾಣುವ ನಂಬರು ನೋಡಿ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಸೊನ್ನೆ ಹಳೆ ಸಿಸ್ಟಮ್, ಒಂದು ನಕ್ಷೆ, ಹೊಸದು ಎರಡು. ನಮ್ಮ ಮನೆಯ ಪಂಕ್ತಿಯಲ್ಲೂ ಹಾಗೆಯೇ, ಹಿರಿಯರು ಮೊದಲು, ಹೊಸಬರು ಕೊನೆಗೆ. ಕಂಪ್ಯೂಟರಿಗೂ ಅಷ್ಟು ರೀತಿ ರಿವಾಜು ಇರುತ್ತದೆ ಎಂದುಕೊಂಡೆ.

ಹೇಗೂ ಪೆಟ್ಟಿಗೆ ಬಿಚ್ಚಿದ್ದೆನಲ್ಲ, ವೈರುಗಳನ್ನೆಲ್ಲ ಕಿತ್ತು ಹತ್ತಿಯನ್ನು ಒರೆಸಿ ತಿರುಗಿ ಚುಚ್ಚಿದೆ. ಯಾವ ವೈರು ಯಾವ ತೂತಿನಲ್ಲಿತ್ತೆಂದು ನೋಡಲಿಲ್ಲ. ಹೊಸ ಸಿಸ್ಟಮ್ ಶುರುವಾಯಿತು. ಪರದೆಯ ಮೇಲೆ ಸೊನ್ನೆ, ಒಂದು, ಎರಡು. ನೋಟ್‌ಬುಕ್ ನೋಡಿ ಸೊನ್ನೆಯನ್ನು ಆರಿಸಿದೆ. ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು. ಅದು ಬಿಟ್ಟು, ಮೂಲೆಮೂಲೆಯನ್ನೂ ಅಳಿಸುವ ಪೂರ್ತಿ ಫಾರ್ಮ್ಯಾಟ್ ಕೊಟ್ಟು ರೊಟ್ಟಿ ಬಡಿಯಲು ಹೋದೆ. ಅರೆಬರೆ ಕೆಲಸ ನನಗೆ ಆಗಿಬರುವುದಿಲ್ಲ.

ಸಂಜೆ ಇನ್ನೊಂದು ಡಿಸ್ಕನ್ನು ತೆರೆದರೆ ಅದರಲ್ಲಿ ಹಳೆಯ ಸಿಸ್ಟಮ್ ಕೂತಿತ್ತು. ನಾನು ಅಳಿಸಿದ್ದು ನಕ್ಷೆಗಳ ಡಿಸ್ಕು.

ಮರುದಿನ ಅಳಿಸಿದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು, ಹುನಗುಂದದ ಮೇಲೆ ಹಾದು ಹೋಗುವ ಬಾಗಲಕೋಟೆ ಬಸ್ಸು ಹತ್ತಿದೆ. ಅಲ್ಲಿಯ ನವನಗರದ ರಿಪೇರಿಯವನು ಅರ್ಧ ದಿನ ಒದ್ದಾಡಿ ತಲೆಯಾಡಿಸಿದ. “ಮ್ಯಾಲ ಮ್ಯಾಲ ಅಳಿಸಿದ್ರ ತಗೀತಿದ್ದೆರಿ ಅಕ್ಕಾರ. ನೀವು ಪೂರ್ತಿ ತೊಳದಬಿಟ್ಟೀರಿ.” ನೋಟ್‌ಬುಕ್ ತೋರಿಸಿದೆ. “ಆ ನಂಬರು ಡಿಸ್ಕಿಂದಲ್ಲರಿ. ವೈರ್ ಜಾಗಾ ಬದಲಾದ್ರ ಅದೂ ಬದಲಾಗತೈತಿ. ಡಿಸ್ಕಿನ ಮೈಮ್ಯಾಗ ಸೀರಿಯಲ್ ನಂಬರ್ ಇರತೈತಿ, ಅದನ್ನ ನೋಡ್ಬೇಕು. ಅಳಸೂಮುಂದ ಉಳದ ಡಿಸ್ಕಿನ ವೈರ್ ತಗದ ಇಡ್ರಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ಅತ್ತೆಗೆ ಏನು ಹೇಳಲಿ ಎಂಬ ಹೆದರಿಕೆ ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. “ನಿಮ್ಮ ಕಸೂತಿ ಎಲ್ಲಾ ಅಳಿಸಿಬಿಟ್ಟೇನ್ರಿ” ಎಂದೆ. ಅವರು ಎದ್ದು ಹೋಗಿ ಟ್ರಂಕು ತೆರೆದರು. ಒಳಗೆ ಮಡಿಸಿಟ್ಟ ಸೆರಗುಗಳು.

“ನೀ ಹೇಳಿದಿ ಅಂತ ಸೆರಗು ಕೊಯ್ಯಾಕ ನನಗೇನ ಹುಚ್ಚ ಹಿಡದಿತ್ತೇನು? ಸೀರಿ ಒಡಲಷ್ಟ ಕೌದಿಗೆ ಹಾಕೀನಿ.”

ಹೋದ ಉಸಿರು ಬಂತು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರಿಗೆ ನನ್ನ ಮೇಲೆ ಇಷ್ಟೂ ನಂಬಿಕೆ ಇರಲಿಲ್ಲವೇ! ಬಿಗುಮಾನದಲ್ಲೇ ಎಣಿಸಿದೆ. ಹನ್ನೊಂದಿದ್ದವು.

“ಇನ್ನೊಂದ್ರಿ?”

ಅತ್ತೆ ಕಟ್ಟೆಯ ಮೇಲೆ ಒಣಹಾಕಿದ್ದ ಕೌದಿಯ ಕಡೆ ಕೈ ತೋರಿಸಿದರು. ಆನೆಗಳ ಸೆರಗು, ಅವರ ಮದುವೆಯ ಸೀರೆಯದು, ಅಂಗೈಯಗಲದ ಚೌಕಗಳಾಗಿ ಅಲ್ಲಲ್ಲಿ ಚದುರಿತ್ತು. “ಅದೊಂದನ್ನ ಕೊಯ್ದೆ. ನೀ ಅಷ್ಟ ಹೇಳಾಕತ್ತಿದ್ದಿ. ಒಂದರಾಗರ ನಂಬೂಣು ಅಂದೆ.”

ಈಗ ಮೂರೂ ಡಿಸ್ಕುಗಳ ಮೈಮೇಲೆ ಚೀಟಿ ಅಂಟಿಸಿದ್ದೇನೆ. ಸ್ಕ್ಯಾನ್ ಮಾಡಲು ಅತ್ತೆ ಒಂದು ಸೆರಗು ಕೊಡುತ್ತಿದ್ದರು, ಅದು ತಿರುಗಿ ಟ್ರಂಕು ಸೇರಿದ ಮೇಲೆಯೇ ಇನ್ನೊಂದು. ನಾನು ತಕರಾರು ಮಾಡಲಿಲ್ಲ. ಹನ್ನೊಂದನ್ನೂ ಮತ್ತೆ ಇಳಿಸಿದೆ. ಆನೆಗಳಿಗಾಗಿ ಕೌದಿಯ ಹೊಲಿಗೆ ಬಿಚ್ಚಿ ಎಳೆ ಎಣಿಸಲು ಕೂತೆ. ಕತ್ತರಿ ಸೊಂಡಿಲುಗಳ ಮೇಲೆಯೇ ಹಾದುಹೋಗಿತ್ತು. ಹನ್ನೊಂದು ಸಲ ನನ್ನನ್ನು ನಂಬಲಿಲ್ಲವೆಂದು ಸಿಟ್ಟಾಗಿದ್ದೆ. ಆ ಒಂದು ಸಲವೂ ಅವರು ನಂಬಬಾರದಿತ್ತು.