ಫಿಲ್ಟರಿಗೆ ಹಚ್ಚಿದ ವಿಭೂತಿ

ಆನೆಗೊಂದಿಯ ನಮ್ಮ ಕಾಕಾನ ಬಾಳೆ ತೋಟ ಹೊಳೆಯ ನಡುಗಡ್ಡೆಯಲ್ಲಿದೆ. ಅಲ್ಲಿಗೆ ಅವನ ಹಳೆಯ ಡೀಸೆಲ್ ಎಂಜಿನ್ನಿನ ದೋಣಿಯೊಂದೇ ದಾರಿ. ಹೋದ ಚಳಿಗಾಲದಲ್ಲಿ ಆ ಎಂಜಿನ್ನು ನಡುಹೊಳೆಯಲ್ಲಿ ಕೆಮ್ಮಿ ನಿಂತುಹೋಯಿತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ದೋಣಿಯಲ್ಲಿದ್ದಳು. ಬಂಡೆಗಳ ಕಡೆಗೆ ತೇಲತೊಡಗಿದ ದೋಣಿಯನ್ನು ಕಾಕಾ ಬಿದಿರಿನ ಗಳ ಊರಿ ಹೇಗೋ ದಡ ಮುಟ್ಟಿಸಿದ. ಅಂದಿನಿಂದ ಚಿಗವ್ವ ದೋಣಿ ಹತ್ತಲಿಲ್ಲ. ತಾನೇ ನೆಟ್ಟ ಬಾಳೆ ಗೊನೆ ಹಾಕಿದ್ದನ್ನೂ ನೋಡಲಿಲ್ಲ.

ನಾನು ರಜೆಗೆ ಹೋದಾಗ ಕಾಕಾ ಗಂಗಾವತಿಯಿಂದ ಹೊಸ ಡೀಸೆಲ್ ಫಿಲ್ಟರ್ ತಂದಿದ್ದ. ದಡಕ್ಕೆ ಕಟ್ಟಿದ್ದ ದೋಣಿಯಲ್ಲಿ ಡಬ್ಬಿ ಹಿಡಿಯಲು ನನ್ನನ್ನು ಕರೆದ. ಜೇಬಿನಲ್ಲಿದ್ದ ಬೀಡಿ, ಕಡ್ಡಿಪೆಟ್ಟಿಗೆ ತೆಗೆದು ಚಿಗವ್ವನ ಕೈಗಿಟ್ಟ.

"ಮನ್ಯಾಗ ಇಡು. ಇಲ್ಲಿ ಬೆಂಕಿ ಸುಳೀಬಾರ್ದು."

"ನಿಮ್ಮ ಬೀಡಿ ಬಿಡಸಾಕ ಎಂಜಿನ್ನ ಬೇಕಾತೇನ್ರಿ?" ಎನ್ನುತ್ತ ಆಕೆ ಹೋದಳು.

ಎಂಜಿನ್ನು ತಣ್ಣಗಾಗುವವರೆಗೆ ಕಾದೆವು. ಅದರ ಮೇಲಿನ ಹಲಗೆ ಎತ್ತಿ ಗಾಳಿಯಾಡಲು ಬಿಟ್ಟೆವು. ಕಾಕಾ ಟ್ಯಾಂಕಿನ ನಲ್ಲಿ ಬಂದ್ ಮಾಡಿ ಹಳೆಯ ಫಿಲ್ಟರ್ ಬಿಚ್ಚಿದ. ಸುರಿದ ಡೀಸೆಲ್ ನನ್ನ ಡಬ್ಬಿಗೆ ಬಿತ್ತು, ಜೊತೆಗೆ ಎಂಜಿನ್ನನ್ನು ಕೆಮ್ಮಿಸಿದ್ದ ಕಪ್ಪು ಗಸಿ. ಹೊಸ ರಬ್ಬರ್ ಉಂಗುರಕ್ಕೆ ಡೀಸೆಲ್ ಸವರಿ ಫಿಲ್ಟರ್ ಕೂರಿಸಿದ. ನಲ್ಲಿ ತೆರೆದು, ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಒಳಗಿನ ಗಾಳಿ ಹೊರಬಿಟ್ಟು ಮತ್ತೆ ಬಿಗಿದ. ಒರೆಸಿದ ಅರಿವೆಗಳನ್ನು ನಾನು ಮುಚ್ಚಳದ ಡಬ್ಬಿಯಲ್ಲಿ ತುಂಬಿ ದಡಕ್ಕೆ ಒಯ್ದೆ.

ಅಲ್ಲಿ ಚಿಗವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ವಿಭೂತಿ, ಕರ್ಪೂರ, ಪಕ್ಕದಲ್ಲಿ ಅದೇ ಕಡ್ಡಿಪೆಟ್ಟಿಗೆ.

"ಏ, ಕಡ್ಡಿ ಗೀರಬ್ಯಾಡ!" ಕಾಕಾ ಕೂಗಿದ.

"ಹೊಸಾದು ಹಾಕೀರಿ, ಪೂಜಿ ಇಲ್ದ ಹೆಂಗ ಚಾಲೂ ಮಾಡ್ತೀರಿ?"

"ಪೂಜಿ ಮಾಡು, ಬ್ಯಾಡ ಅಂದೋರ್ಯಾರು? ಬೆಂಕಿ ಬ್ಯಾಡ. ಡೀಸೆಲ್‌ಗೆ ದೇವ್ರು ದಿಂಡ್ರು ತಿಳಿಯಂಗಿಲ್ಲ."

ಚಿಗವ್ವನ ಮುಖ ಸಣ್ಣದಾಯಿತು. ನಾನು ಕರ್ಪೂರ, ಕಡ್ಡಿಪೆಟ್ಟಿಗೆ ತೆಗೆದುಕೊಂಡು ದೂರದ ಕಲ್ಲಿನ ಮೇಲಿಟ್ಟೆ. ಆಕೆ ದೋಣಿಗೆ ಕಾಲಿಡಲಿಲ್ಲ. ದಡದ ಕಲ್ಲಿನ ಮೇಲೇ ಮೊಣಕಾಲೂರಿ, ಕೈಚಾಚಿ, ಫಿಲ್ಟರಿಗೆ ಮೂರೆಳೆ ಒಣ ವಿಭೂತಿ ಎಳೆದಳು. ಕಾಕಾ ಹ್ಯಾಂಡಲ್ ತಿರುವಿದ. ಎಂಜಿನ್ನು ಚಾಲೂ ಆಯಿತು.

"ನಿಲ್ಲಸ್ರಿ! ಈಬತ್ತಿ ತೊಯ್ದೈತಿ!" ಚಿಗವ್ವ ಕೂಗಿದಳು.

ವಿಭೂತಿಯ ಬಿಳಿ ಎಳೆಗಳ ಮೇಲೆ ಕಪ್ಪು ಕಲೆ ಇಳಿಯುತ್ತಿತ್ತು. ಮೇಲಿನ ಸ್ಕ್ರೂ ಪೂರ್ತಿ ಬಿಗಿದಿರಲಿಲ್ಲ, ಡೀಸೆಲ್ ಜಿನುಗುತ್ತಿತ್ತು. ಕಾಕಾ ಎಂಜಿನ್ನು ನಿಲ್ಲಿಸಿ, ಸ್ಕ್ರೂ ಬಿಗಿದು, ಎಲ್ಲ ಒರೆಸಿದ.

"ಈಬತ್ತಿ ಹಚ್ಚು ಇನ್ನೊಮ್ಮಿ," ಎಂದ.

ಈ ಸಲ ಎಂಜಿನ್ನು ಎಷ್ಟು ಹೊತ್ತು ಓಡಿದರೂ ವಿಭೂತಿ ಬೆಳ್ಳಗೇ ಉಳಿಯಿತು. ಕಾಕಾ ಕೈ ಚಾಚಿದ. ಚಿಗವ್ವ ಅದನ್ನು ಹಿಡಿಯುವ ಮೊದಲು, "ಗಳಾ ಅದಾವಿಲ್ಲೋ ನೋಡ್ಕೋರಿ," ಎಂದಳು. ಆಮೇಲೆ ಹತ್ತಿದಳು.

ಹೊಳೆ ದಾಟುವಾಗ ಆಕೆ ನೀರು ನೋಡಲಿಲ್ಲ, ಬಂಡೆ ನೋಡಲಿಲ್ಲ. ಆ ಮೂರು ಎಳೆಗಳನ್ನೇ ನೋಡುತ್ತ ಕೂತಿದ್ದಳು. ತೋಟ ಹತ್ತಿರವಾದಾಗ ತಲೆ ಎತ್ತಿದಳು.

"ಆ ಗೊನಿಗಿ ಒಂದು ಕೋಲರ ಆಸರಾ ಕೊಡಬಾರ್ದೇನ್ರಿ? ಗಿಡ ಹೆಂಗ ವಾಲೈತಿ ನೋಡ್ರಿ!"

ಕಾಕಾ ನನ್ನ ಕಡೆ ತಿರುಗಿ ನಕ್ಕ.