ಉಮಾಪತಿಯ ಕಾಂಟೆಸ್ಸಾ ಮತ್ತು ಒಂದನೇ ಗೇರು

ಮೆರವಣಿಗೆ ಎಂಬ ಶಬ್ದ ಕಿವಿಗೆ ಬಿದ್ದರೆ ಈಗಲೂ ನಾನು ದಾರಿ ಬದಲಿಸಿ ಹೋಗುತ್ತೇನೆ. ಹಲಗಿ ಬಾರಿಸುವವರು, ಗುಲಾಲು ಎರಚುವವರು, ಗುಟ್ಕಾ ಉಗುಳುತ್ತಲೇ ಜೈಕಾರ ಹಾಕುವವರು, ಅವರೆಲ್ಲರ ನಡುವೆ ತೆವಳುವ ಒಂದು ಬಿಳಿ ಕಾರು. ಆ ಕಾರಿನ ಒಡೆಯ ನನ್ನ ಗೆಳೆಯ ಉಮಾಪತಿ. ಕೊಪ್ಪಳದ ಪೇಟೆಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಕುಡಿತವಿಲ್ಲ, ಇಸ್ಪೀಟು ಇಲ್ಲ, ಯಾರ ತಂಟೆಗೂ ಹೋದವನಲ್ಲ. ಇಂಥವನನ್ನೇ ಈ ಜನ ಹಿಂಡಿ ಹಿಪ್ಪೆ ಮಾಡಿದರು.

ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಎರಡು ವರ್ಷ ಓಡಿಸಿ ಬೇಸತ್ತ ಕಾಂಟೆಸ್ಸಾ ಕಾರನ್ನು ಅವನು 1999ರಲ್ಲಿ ಕೊಂಡು ತಂದ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಗಾಡಿ ನನ್ನ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ನಾನು ಹೈಸ್ಕೂಲು ಮಾಸ್ತರ. ರಜೆಯ ದಿನ ಬೇರೆ ಕೆಲಸವಿಲ್ಲದವನು. ಇಬ್ಬರೂ ಕುಷ್ಟಗಿಗೆ ಹೋಗಿ, ಕ್ರಾಸಿನಲ್ಲಿ ಒಂದೊಂದು ಚಹಾ ಕುಡಿದು ತಿರುಗಿ ಬರುತ್ತಿದ್ದೆವು. ಅಷ್ಟೇ. ಅಲ್ಲಿ ನಮಗೆ ನೆಂಟರೂ ಇರಲಿಲ್ಲ, ವ್ಯವಹಾರವೂ ಇರಲಿಲ್ಲ.

"ಚಾ ಕುಡ್ಯಾಕ ಕುಷ್ಟಗಿ ತನಕಾ ಹೋಗಬೇಕೇನ್ರಿ? ನಮ್ಮ ಮನ್ಯಾಗ ಹಾಲ ಇಲ್ಲೇನು?" ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು.

ಆಕೆಗೆ ಹೇಗೆ ತಿಳಿಸಲಿ? ಊರೊಳಗೆ ಆ ಗಾಡಿ ಮೊಂಡ ಎತ್ತು. ತಿರುವಿನಲ್ಲಿ ಹೊರಳಿಸಲು ರಟ್ಟೆ ನೋಯುತ್ತಿತ್ತು, ಕ್ಲಚ್ ತುಳಿಯಲು ಮೊಣಕಾಲು ಗಟ್ಟಿ ಬೇಕಿತ್ತು. ಮನೆಗಳು ಮುಗಿದು ಜೋಳದ ಹೊಲ ಶುರುವಾದರೆ ಅದೇ ಗಾಡಿ ಬೇರೆಯಾಗುತ್ತಿತ್ತು. ಉಮಾಪತಿ ಮೂರು, ನಾಲ್ಕು, ಐದು ಎಂದು ಗೇರು ಏರಿಸುತ್ತ ಹೋಗುವನು. ಎಂಜಿನ್ನಿನ ದನಿ ತಗ್ಗುತ್ತ ತಗ್ಗುತ್ತ ತುಟಿ ಮುಚ್ಚಿ ಹಾಡಿದಂತೆ ಆಗುವುದು. ಉದ್ದನೆಯ ಬಾನೆಟ್ಟಿನ ಮುಂದೆ ರಸ್ತೆ ಚಾಪೆಯಂತೆ ಬಿಚ್ಚಿಕೊಳ್ಳುವುದು. ಕಿಟಕಿಯಲ್ಲಿ ಮೊಣಕೈ ಇಟ್ಟು ಅವನು ಹೇಳುವನು, "ಕೇಳ್ರಿ ಮಾಸ್ತರ್ರ, ಈಗ ಆರಾಮ ಉಸರಾಡಾಕತ್ತೈತಿ ನೋಡ್ರಿ." ಪಕ್ಕದಲ್ಲಿ ಸುಮ್ಮನೆ ಕೂತ ನನಗೇ ಎದೆ ಹಗುರಾಗುತ್ತಿತ್ತು. ಓಡಿಸುವವನಿಗೆ ಇನ್ನೆಷ್ಟು ಆಗುತ್ತಿರಬೇಕು.

ಕೆಲವೇ ವರ್ಷಗಳಲ್ಲಿ ಊರ ತುಂಬ ಹೊಸ ಹೊಸ ಕಾರು ಬಂದವು. ಇದನ್ನು ಮಾರಿಬಿಡು ಎಂದು ಹೇಳದವರಿಲ್ಲ. "ಹೊಸಾ ಗಾಡ್ಯಾಗ ಕುಂತ್ರ ನಾ ಅದನ್ನ ಓಡಸಾಕತ್ತೀನೋ, ಅದು ನನ್ನ ಒಯ್ಯಾಕತ್ತೈತೋ ತಿಳೀವಲ್ದರಿ" ಎಂದು ಅವನು ನಕ್ಕುಬಿಡುತ್ತಿದ್ದ.

ಅವನ ಗ್ರಹಚಾರ ಶುರುವಾದದ್ದು ಚುನಾವಣೆಯಿಂದ. ಓಣಿಯ ಹಿರಿಯರೊಬ್ಬರು ನಾಮಪತ್ರ ಸಲ್ಲಿಸಲು ಈ ಕಾರಿನಲ್ಲಿ ಮೆರವಣಿಗೆ ಹೋದರು, ಗೆದ್ದರು. ಮುಂದಿನ ಸಲ ಇನ್ನೊಬ್ಬರು ಹೋದರು, ಅವರೂ ಗೆದ್ದರು. ಮುಗಿಯಿತು, ಗಾಡಿಯ ಕಾಲ್ಗುಣ ಛಲೋ ಐತಿ ಎಂದು ಊರೆಲ್ಲ ಸುದ್ದಿ. ಮೂರನೆಯವರು ಸೋತಾಗ ಅವರು ಎಡಗಾಲಿಟ್ಟು ಇಳಿದಿದ್ದರಂತೆ, ಗಾಡಿಯದೇನೂ ತಪ್ಪಿಲ್ಲವಂತೆ. ಬುದ್ಧಿಯನ್ನು ಒತ್ತೆ ಇಟ್ಟವರಿಗೆ ಏನು ಹೇಳುವುದು?

ನಾಮಪತ್ರಕ್ಕೆ, ವಿಜಯೋತ್ಸವಕ್ಕೆ, ಕೊನೆಗೆ ಸೊಸೈಟಿಯ ಎಲೆಕ್ಷನ್ನಿಗೂ ಉಮಾಪತಿಯ ಗಾಡಿಯೇ ಬೇಕು. ಹಲಗಿಯವರು ಹೆಜ್ಜೆ ಇಟ್ಟಂತೆ ಅದೂ ಒಂದನೇ ಗೇರಿನಲ್ಲೇ ಹೆಜ್ಜೆ ಇಡಬೇಕು. ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮರುದಿನ ಹೋಗಿ ನೋಡಿದರೆ ಬಾಗಿಲ ಮೇಲೆ ಗುಟ್ಕಾದ ಕೆಂಪು ಗೆರೆ, ಸೀಟಿನ ಸಂದಿಯಲ್ಲಿ ಬಿರಿಯಾನಿಯ ಎಲುಬು, ಒಮ್ಮೆಯಂತೂ ಹಿಂದಿನ ಸೀಟಿನ ಮೇಲೆ ಯಾವನೋ ಕುಡಿದು ಕಾರಿದ್ದ. ಥೂ! ಉಮಾಪತಿ ಮೂಗಿಗೆ ಟವೆಲು ಕಟ್ಟಿಕೊಂಡು ತಾನೇ ತೊಳೆಯುತ್ತಿದ್ದ.

ಹೀಗೆ ತೆವಳಿ ತೆವಳಿ ಎಂಜಿನ್ ಕಾದು ಅದರ ಮೇಲ್ಭಾಗದ ಹೆಡ್ಡು ಸೀಳಿತು. ಮೇಸ್ತ್ರಿ ಓಬಳೆಪ್ಪ ಊರೂರು ಗುಜರಿ ಹುಡುಕಿ ಇನ್ನೊಂದು ಹೆಡ್ಡು ತಂದು ಕೂಡಿಸಿದ. "ಸಾವ್ಕಾರ್ರ, ಇದೊಂದ ಸಿಕ್ಕಿದ್ದು. ಇದೂ ಸೀಳಿದ್ರ ಗಾಡಿ ಮುಗೀತು. ಓಡಸ್ರಿ, ಎಷ್ಟ ಬೇಕಾದ್ರೂ ಓಡಸ್ರಿ. ಮೆರವಣಿಗಿಗೆ ಮಾತ್ರ ಒಯ್ಯಬ್ಯಾಡ್ರಿ" ಎಂದ. ಉಮಾಪತಿ ಅಂದೇ ಮೆರವಣಿಗೆಗೆ ಕೈ ಮುಗಿದ. ಬಂದವರನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದ. ನಮ್ಮ ಕುಷ್ಟಗಿಯ ಚಹಾ ಮತ್ತೆ ಶುರುವಾಯಿತು.

ಆಗ ಬಂದಳು ಅವನ ಅಕ್ಕ ಕಳಕಮ್ಮ, ಗಂಡ ಬಸವಕುಮಾರನನ್ನು ಹಿಂದಿಟ್ಟುಕೊಂಡು. 2016ರ ತಾಲೂಕು ಪಂಚಾಯಿತಿ ಚುನಾವಣೆಗೆ ಈ ಬಸವಕುಮಾರ ನಿಂತಿದ್ದ. ನಾನೂ ಅಲ್ಲೇ ಕೂತಿದ್ದೆ.

"ತಮ್ಮಾ, ಕಂಡಕಂಡ ಮಂದಿಗೆಲ್ಲಾ ಗಾಡಿ ಕೊಟ್ಟಿ. ನಮ್ಮನಿಯವ್ರಿಗೆ ಇಲ್ಲಂದ್ರ ಓಣ್ಯಾಗ ನಾ ಹೆಂಗ ತಲಿ ಎತ್ತಲಿ?"

"ಅಕ್ಕಾ, ಬ್ಯಾರೇ ಯಾವದರ ಗಾಡಿ ನಾನ ತಂದು ಕೊಡ್ತೀನಿ. ಇದು ಇನ್ನೊಮ್ಮೆ ಕಾದ್ರ ಸತ್ತ ಹೋಕ್ಕೈತಿ."

"ಗಾಡಿ ಏನ್ ಮನಶ್ಯಾ ಏನೋ ಸಾಯಾಕ?" ಎಂದು ಬಸವಕುಮಾರ ಹೊಟ್ಟೆ ಕುಲುಕಿಸಿ ನಕ್ಕ. ಆ ನಗೆಗೆ ಅಲ್ಲೇ ಎರಡು ಬಿಗಿಯಬೇಕೆನಿಸಿತು ನನಗೆ. ಕಳಕಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ತಾನಿನ್ನು ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದಳು. ತಾಯಿ ಇಲ್ಲದ ಮನೆಯಲ್ಲಿ ಉಮಾಪತಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆ. ಅವನು ಅಕ್ಕನಿಗೆ ಸೋತ. ನಾಮಪತ್ರದ ದಿನ ಗುಡಿಯಿಂದ ಪೇಟೆಯ ತನಕ ಮಾತ್ರ, ಆಮೇಲೆ ಎಲ್ಲರೂ ಜೀಪು ಹತ್ತಬೇಕು ಎಂದು ಕರಾರು ಮಾಡಿಕೊಂಡ. ಬಸವಕುಮಾರ ದೇವರ ಆಣೆ ಮಾಡಿ ಒಪ್ಪಿದ.

ಆ ಆಣೆ ಪೇಟೆ ಬಂದೊಡನೆ ಮುರಿಯಿತು. ಜೀಪು ಎಲ್ಲಿ ಎಂದರೆ ಹಿಂದೆ ಬರಾಕತ್ತೈತಿ ಎಂದರು. ಮಟಮಟ ಮಧ್ಯಾಹ್ನ, ಮುಂದೆ ಹಲಗಿ, ಅದರ ಹಿಂದೆ ಕುಂಭ ಹೊತ್ತ ಹೆಂಗಸರ ಸಾಲು, ಕಾರಿನ ಛಾವಣಿಯ ಮೇಲೆ ಕುಣಿಯುವ ಇಬ್ಬರು ಪಡ್ಡೆಗಳು. ಕಾವಿನ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಉಮಾಪತಿ ಎಂಜಿನ್ ಬಂದ್ ಮಾಡಿ ಇಳಿದ, ಪಕ್ಕದಲ್ಲಿದ್ದ ನಾನೂ ಇಳಿದೆ. ಬಾನೆಟ್ ಎತ್ತಿ, "ಯಾರೂ ಮುಟ್ಟಬ್ಯಾಡ್ರಿ, ತಾನ ಆರಲಿ. ತಣ್ಣೀರ ಬಿದ್ರ ಹೆಡ್ಡ ಸೀಳತೈತಿ" ಎಂದ. ಹಲಗಿಯ ಸದ್ದಿನಲ್ಲಿ ಅವನ ಮಾತು ಯಾರಿಗೆ ಕೇಳಬೇಕು?

ಕುಂಭದವರ ಮುಂದಾಳು ಮುದಕಮ್ಮ ಹತ್ತಿರ ಬಂದಳು. "ಗಂಗವ್ವನ ನೀರೈತಿ, ತಂಪ ಮಾಡ್ರೆವ್ವಾ" ಎಂದು ತಲೆಯ ಮೇಲಿನ ಕೊಡವನ್ನು ಕುದಿಯುವ ಎಂಜಿನ್ನಿನ ಮೇಲೆ ಸುರಿದೇಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಉಮಾಪತಿ ಎರಡೂ ಕೈ ಅಡ್ಡ ಹಿಡಿದ. ಹಬೆಗೆ ಅಂಗೈ ಸುಟ್ಟುಕೊಂಡ. ಒಳಗೆ ಟಣ್ಣೆಂದು ಒಂದು ಸದ್ದಾಯಿತು. ಅವನ ಮುಖ ನೋಡಿಯೇ ನನಗೆ ಎಲ್ಲ ತಿಳಿಯಿತು. ಸುತ್ತಲಿನ ಜನ ಮಾತ್ರ ದೇವಿ ಒಪ್ಪಿದಳೆಂದು ಚಪ್ಪಾಳೆ ತಟ್ಟಿದರು. ಅಂಥ ಹೇಸಿಗೆಯ ಚಪ್ಪಾಳೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಓಬಳೆಪ್ಪ ಬಂದು ಸೀಳಿದ ಹೆಡ್ಡು ನೋಡಿ ಕೈ ಒರೆಸಿಕೊಂಡು ಹೋದ. ಬಸವಕುಮಾರ ಗೆದ್ದ. ಗೆದ್ದ ಸಂಜೆಯೇ ವಿಜಯೋತ್ಸವಕ್ಕೆಂದು ಮಂದಿ ಕಟ್ಟಿಕೊಂಡು ಬಂದು ಹಲ್ಲು ಕಿಸಿದ.

"ಗಾಡಿ ಚಾಲೂ ಆಗದಿದ್ರ ಅಡ್ಡಿಲ್ಲೋ ಉಮಾಪತಿ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳಸ್ತೀವಿ. ನೀ ಒಳಗ ಸುಮ್ನ ಕುಂತ್ರ ಸಾಕು."

ಉಮಾಪತಿ ಎದ್ದು ಒಳಗೆ ಹೋದ. ನಟ್ಟು ಬಿಚ್ಚುವ ಪಾನಾ ತಂದು, ಕಾರಿನೊಳಗೆ ಕೂತು, ಸ್ಟೇರಿಂಗ್ ಚಕ್ರವನ್ನು ಬಿಚ್ಚಿ ತಂದ. ಅದನ್ನು ಭಾವನ ಕೈಯಲ್ಲಿಟ್ಟು, "ತೊಗೋರಿ ಮಾಮಾರ, ಇದನ್ನ ತಲಿ ಮ್ಯಾಲೆ ಹೊತ್ತು ಮೆರಸ್ರಿ" ಎಂದ. ಅದು ಅವನು ಬೈದ ಬೈಗುಳ. ಆ ಮಂದಿಗೆ ಅದೂ ತಿಳಿಯಲಿಲ್ಲ. ಚಕ್ರಕ್ಕೆ ಚೆಂಡು ಹೂವಿನ ಮಾಲೆ ಸುತ್ತಿ, ನಿಜವಾಗಿಯೂ ತಲೆಯ ಮೇಲೆ ಹೊತ್ತು, ಊರ ತುಂಬ ಮೆರೆಸಿದರು.

ತಿಂಗಳ ಮೇಲೆ ಅಕ್ಕನ ಮನೆಯಲ್ಲಿ ಗೆದ್ದ ಊಟ. ಉಮಾಪತಿ ನನ್ನನ್ನೂ ಕರೆದುಕೊಂಡು ಹೋದ. ಎಲೆ ಹಾಕಿದ್ದರು, ಹೋಳಿಗೆ ಬಡಿಸಿದ್ದರು. ಎದುರಿಗೆ ದೇವರ ಜಗಲಿ. ಜಗಲಿಯ ಮೇಲೆ ದೇವರ ಪಕ್ಕದಲ್ಲೇ ಆ ಚಕ್ರ, ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಉಮಾಪತಿ ಊಟಕ್ಕೆ ಕೂರದೆ ಅದರ ಮುಂದೆ ಹೋಗಿ ನಿಂತ. ಸುಟ್ಟ ಗಾಯ ಇನ್ನೂ ಮಾಯದ ಎರಡೂ ಕೈಗಳನ್ನು ಎತ್ತಿ, ರಸ್ತೆಯಲ್ಲಿ ಹಿಡಿಯುತ್ತಿದ್ದ ಹಾಗೆಯೇ ಆ ಚಕ್ರವನ್ನು ಹಿಡಿಯಹೋದ.

"ಮುಟ್ಟಬ್ಯಾಡೋ ತಮ್ಮಾ, ಪೂಜಿ ಆಗೈತಿ" ಎಂದಳು ಕಳಕಮ್ಮ ಒಳಗಿನಿಂದ. "ಜಳಕಾ ಮಾಡಿ ಬಂದಿಯೇನು?"

"ಇಲ್ಲಕ್ಕಾ" ಎಂದು ಉಮಾಪತಿ ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.