ಅವ್ವ ಎರೆದ ಕೂಸು

ಯರಗುಪ್ಪಿಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಅವ್ವನ ಕೈಯಲ್ಲೇ ಎರೆಸಿಕೊಂಡವು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಚಾಚಿದ ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಸುರಿದಳೆಂದರೆ ಎಂಥ ಹಟಮಾರಿ ಕೂಸೂ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅದರ ಜಂಬವೂ ಅವಳಿಗೆ ಸಾಕಷ್ಟಿತ್ತು. ಮೂಗು ನೆಟ್ಟಗಾಗುವುದು, ತಲೆ ದುಂಡಗಾಗುವುದು, ಎಲ್ಲ ತನ್ನ ಅಂಗೈಯಲ್ಲೇ ಇದೆ ಎಂದು ನಂಬಿದ್ದಳು.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಬಂದಿದ್ದೆ. ಮಗ ಹುಟ್ಟಿದಾಗ ಅವನ ಎಡಗಾಲಿಗೆ, ಮೊಣಕಾಲಿನಿಂದ ಪಾದದವರೆಗೆ, ಚರ್ಮವೇ ಇರಲಿಲ್ಲ. ಕೆಂಪಗೆ ಹಸಿಹಸಿಯಾಗಿತ್ತು. ಮರುದಿನ ಬೆನ್ನ ಮೇಲೆ, ಬಾಯೊಳಗೆ ನೀರುಗುಳ್ಳೆ ಎದ್ದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅವ್ವನನ್ನೂ ನನ್ನನ್ನೂ ಕೂಡಿಸಿಕೊಂಡು ಹೇಳಿದರು.

“ಇದು ಹುಟ್ಟಿನಿಂದ ಬಂದದ್ದರಿ. ಚರ್ಮ ಹಿಡಕೊಂಡ ನಿಲ್ಲೂದಿಲ್ಲ. ತಿಕ್ಕಬ್ಯಾಡ್ರಿ, ರಟ್ಟಿ ಹಿಡದ ಎತ್ತಬ್ಯಾಡ್ರಿ. ಹತ್ತಿ ಮ್ಯಾಲೆ ಮಲಗಿಸಿನ ಎತ್ರಿ.”

“ಹೌದ್ರಿ,” ಎಂದು ಅವ್ವ ತಲೆಯಾಡಿಸಿದಳು. ಮನೆಗೆ ಬಂದದ್ದೇ ರಾಗ ತೆಗೆದಳು.

“ಎಣ್ಣಿ ನೀರ ಕಾಣದ ಚರ್ಮ ಹ್ಯಾಂಗ ಗಟ್ಟಿ ಆಗ್ತೈತಿ? ಡಾಕ್ಟರ ಹಾಳಿ ಮ್ಯಾಲೆ ಬರದ ಕೊಟ್ಟದ್ದ ನೋಡಿ ಕೂಸ ಬೆಳಸಾಕ ಬರ್ತೈತೇನ?”

ದಿನಾ ಜಗಳವಾಡಿ ತಡೆದೆ. ಹನ್ನೊಂದನೆಯ ದಿನ ಬೆಳಿಗ್ಗೆ ನನಗೆ ಕಣ್ಣು ಹತ್ತಿತು. ಅವ್ವ ಕೂಗಿದ್ದಕ್ಕೆ ಎಚ್ಚರವಾಗಿ ಬಚ್ಚಲಿಗೆ ಓಡಿದೆ. ಕೂಸು ಅವಳ ಕಾಲ ಮೇಲಿತ್ತು. ಅದರ ಬೆನ್ನಿನ ಚರ್ಮ ಅವಳ ಅಂಗೈಗೆ ಹತ್ತಿಕೊಂಡಿತ್ತು.

“ಹಗೂರಕ ತಿಕ್ಕಿದ್ನೆವ್ವಾ, ಅಗದಿ ಹಗೂರಕ,” ಅಂದಳು.

“ಕೊಂದಿ ಬೇ, ನನ್ನ ಕೂಸನ್ನ ಕೊಂದಿ!” ಎಂದು ಚೀರಿದೆ. ಓಣಿಗೆಲ್ಲ ಕೇಳಿಸಿತು. ಕೇಳಿಸಲಿ ಎಂದೇ ಚೀರಿದ್ದೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಮಗ ಹೋದ. ನಂಜೇರಿತ್ತು ಎಂದರು. ಹತ್ತಿಯ ಮೇಲೆ ಮಲಗಿಸಿಯೇ ಮನೆಗೆ ತಂದೆವು. ಆಗಲೂ ರಟ್ಟೆ ಹಿಡಿದು ಎತ್ತಲು ನನಗೆ ಧೈರ್ಯ ಬರಲಿಲ್ಲ.

ಇದಾಗಿ ನಾಲ್ಕು ವರ್ಷ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಕೂಸು ಎರೆಯಲು ಯಾರಾದರೂ ಕರೆದರೆ ಅವ್ವ ಸೊಂಟನೋವು ಅನ್ನುತ್ತಾಳೆ. ಹೋದ ತಿಂಗಳು ತವರಿಗೆ ಹೋದಾಗ, ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು.

“ನಾ ಎರೀಲಿಲ್ಲಂದ್ರ ಉಳೀತಿತ್ತೇನವಾ?”

“ಉಳೀತಿತ್ತು,” ಅಂದೆ.

ಅದು ಸುಳ್ಳು. ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಹೊರಟ ದಿನ, ಅವ್ವ ಗಾಡಿ ನೋಡಲು ಕೆಳಗೆ ಹೋದಾಗ, ಡಾಕ್ಟರ್ ನನಗೊಬ್ಬಳಿಗೇ ಹೇಳಿದ್ದರು: “ಗಂಟಲದಾಗೂ ಗುಳ್ಳಿ ಅದಾವರಿ. ಎಷ್ಟ ಜ್ವಾಕಿ ಮಾಡಿದ್ರೂ ತಿಂಗಳೊಪ್ಪತ್ತ ಉಳೀಬಹುದು, ಅಷ್ಟ.” ಗಂಡನಿಗೂ ನಾನದನ್ನು ಹೇಳಿಲ್ಲ.

ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು. ನಿಜ ಹೇಳಿದರೆ ಅವಳ ಜೀವ ಹಗುರಾಗುತ್ತದೆ, ಗೊತ್ತು. ಆಮೇಲೆ ಸಿಟ್ಟು ಮಾಡಲು ನನಗೆ ಯಾರೂ ಉಳಿಯುವುದಿಲ್ಲ.